ಬೀಜಗಣಿತವೂ ಕನ್ನಡದ ವಾಕ್ಯವೂ

ನಮ್ಮ ಶಾಲಾ ಕಾಲೇಜುಗಳಲ್ಲಿ ಭಾಷೆಗೂ ಗಣಿತಕ್ಕೂ ಮಾತುಕತೆ ನಿಂತು ಬಹಳ ಕಾಲವಾಯಿತು. ಒಂದೇ ಮನೆಯಲ್ಲಿದ್ದುಕೊಂಡು ಬೇರೆ ಬೇರೆ ಒಲೆ ಹೂಡಿಕೊಂಡ ದಾಯಾದಿಗಳಂತೆ ಅವೆರಡೂ ಬದುಕುತ್ತಿವೆ. ಕನ್ನಡದ ಉಪಾಧ್ಯಾಯನು ಲೆಕ್ಕದಲ್ಲಿ ತಾನು ದಡ್ಡನೆಂದು ಸಭೆಯಲ್ಲಿ ಹೇಳಿಕೊಂಡರೆ ಅದು ಸರಸವಾಗಿ ತೋರುತ್ತದೆ. ಗಣಿತದ ಉಪಾಧ್ಯಾಯನು ತನಗೆ ಒಂದು ಪುಟ ಕನ್ನಡ ಬರೆಯಲು ಬಾರದೆಂದರೆ ಅದು ಯಾರಿಗೂ ಕೊರತೆಯಾಗಿ ಕಾಣುವುದಿಲ್ಲ. ಈ ಎರಡು ಅಭಿಮಾನಗಳ ನಡುವೆ ಸಿಕ್ಕಿ ನಷ್ಟಪಡುತ್ತಿರುವವನು ವಿದ್ಯಾರ್ಥಿ. ಅವನಿಗಾಗುತ್ತಿರುವ ನಷ್ಟಗಳಲ್ಲಿ ಒಂದನ್ನು ಕುರಿತು ಮಾತ್ರ ಇಲ್ಲಿ ಬರೆಯಬೇಕೆಂದಿದ್ದೇನೆ. ಬದಲಾಗುತ್ತಿರುವ ಒಂದು ವಸ್ತುವನ್ನು, ಅದು ಹೇಗೆ ಬದಲಾಗುತ್ತಿದೆಯೋ ಹಾಗೆಯೇ, ಸರಿಯಾಗಿ ಹೇಳುವ ಶಕ್ತಿ ಅವನಿಗೆ ಬರುತ್ತಿಲ್ಲ. ಸಂಕೇತದಲ್ಲಿಯೂ ಬರುತ್ತಿಲ್ಲ, ವಾಕ್ಯದಲ್ಲಿಯೂ ಬರುತ್ತಿಲ್ಲ. ಮೊದಲನೆಯದು ಗಣಿತದವರ ಪಾಡು, ಎರಡನೆಯದು ಕನ್ನಡದವರ ಪಾಡು ಎಂದು ನಾವು ಹಂಚಿಕೊಂಡು ಸುಮ್ಮನಿದ್ದೇವೆ. ಇವೆರಡೂ ಒಂದೇ ಕೊರತೆಯ ಎರಡು ಮುಖಗಳು, ಬೀಜಗಣಿತವನ್ನು ವಾಕ್ಯದಿಂದ ಬಿಡಿಸಿ ಕಲಿಸುತ್ತಿರುವುದೇ ಅದಕ್ಕೆ ಮೂಲ ಎಂಬುದು ನನ್ನ ವಾದ.

ಬೀಜಗಣಿತವೆಂದೊಡನೆ ಹುಡುಗರಿಗೆ ನೆನಪಾಗುವುದು ‘ಎಕ್ಸ್’ ಎಂಬ ಅಕ್ಷರ. ಪ್ರೌಢಶಾಲೆಯ ಹೊಸ್ತಿಲಲ್ಲಿ ಅದು ಅವರ ಮುಂದೆ ಬಂದು ನಿಲ್ಲುವುದು ಒಬ್ಬ ಕಳ್ಳನ ಹಾಗೆ. ಎಲ್ಲಿಯೋ ಅಡಗಿದ್ದಾನೆ, ಹಿಡಿದು ತರಬೇಕು. ಒಂದು ಸಂಖ್ಯೆಯ ಮೂರರಷ್ಟಕ್ಕೆ ಐದನ್ನು ಕೂಡಿದರೆ ಇಪ್ಪತ್ತಾರಾಗುತ್ತದೆ, ಆ ಸಂಖ್ಯೆ ಯಾವುದು? ಏಳು ಎಂದು ಕಂಡುಹಿಡಿದ ಕ್ಷಣವೇ ಎಕ್ಸಿನ ಕೆಲಸ ಮುಗಿಯಿತು. ಹಿಡಿದವನಿಗೆ ಎರಡು ಅಂಕ. ಇದು ಒಳ್ಳೆಯ ಆಟವೇ, ಬೇಡವೆಂದು ನಾನು ಹೇಳುವುದಿಲ್ಲ. ಆದರೆ ‘ಇಪ್ಪತ್ತಾರಾಗುತ್ತದೆ’ ಎಂಬ ಮಾತನ್ನು ತೆಗೆದುಹಾಕಿ, ‘ಒಂದು ಸಂಖ್ಯೆಯ ಮೂರರಷ್ಟಕ್ಕೆ ಐದು ಕೂಡಿದ್ದು’ ಎಂಬಷ್ಟನ್ನೇ ಇಟ್ಟುಕೊಂಡು ನೋಡಿ. ಈಗ ಸಂಖ್ಯೆ ಒಂದಾದರೆ ಇದು ಎಂಟು, ಅದು ಎರಡಾದರೆ ಇದು ಹನ್ನೊಂದು, ಅದು ಮೂರಾದರೆ ಇದು ಹದಿನಾಲ್ಕು. ಅದು ಒಂದು ಹೆಜ್ಜೆ ಇಟ್ಟಾಗಲೆಲ್ಲ ಇದು ಮೂರು ಹೆಜ್ಜೆ ಇಡುತ್ತದೆ. ಇಲ್ಲಿ ಹಿಡಿಯಬೇಕಾದ ಕಳ್ಳನಿಲ್ಲ. ಜೊತೆಯಾಗಿ ದಾರಿ ನಡೆಯುತ್ತಿರುವ ಇಬ್ಬರು ಪ್ರಯಾಣಿಕರಿದ್ದಾರೆ. ಒಬ್ಬನ ನಡೆಯನ್ನು ನೋಡಿ ಇನ್ನೊಬ್ಬನ ನಡೆಯನ್ನು ಹೇಳಬಹುದು. ಬದಲಾವಣೆಯನ್ನು ವರ್ಣಿಸುವ ಬೀಜಗಣಿತ ಇದು. ನಮ್ಮ ಪಠ್ಯಪುಸ್ತಕಗಳು ಈ ಅಕ್ಷರಕ್ಕೆ ‘ಚರಾಕ್ಷರ’ ಎಂಬ ಸೊಗಸಾದ ಹೆಸರನ್ನು ಕೊಟ್ಟಿವೆ. ಚರ ಎಂದರೆ ಚಲಿಸುವುದು. ‘ಚರಾಚರ’ ಎಂಬ ಮಾತು ಹಳಗನ್ನಡ ಕಾವ್ಯ ಓದಿದ ಯಾವ ವಿದ್ಯಾರ್ಥಿಗೂ ಹೊಸದಲ್ಲ. ಆದರೆ ಲೆಕ್ಕದ ತರಗತಿಯಲ್ಲಿ ಚರಾಕ್ಷರವನ್ನು ಚಲಿಸಲು ಬಿಡುವವರು ಕಡಿಮೆ. ಹೆಸರು ಚರ, ಸ್ಥಿತಿ ಮಾತ್ರ ಸೆರೆ.

ಈ ವಿದ್ಯೆಯ ಚರಿತ್ರೆಯನ್ನು ನೋಡಿದರೆ ಅದು ಮಾತಿನಿಂದಲೇ ಹುಟ್ಟಿತೆಂಬುದು ಸ್ಪಷ್ಟವಾಗುತ್ತದೆ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿಯ ಗ್ರಂಥದ ಹೆಸರಿನಿಂದಲೇ ‘ಆಲ್ಜೀಬ್ರಾ’ ಎಂಬ ಪದ ಬಂದದ್ದು. ಆ ಗ್ರಂಥದಲ್ಲಿ ಸಂಕೇತಗಳೇ ಇಲ್ಲ, ಎಲ್ಲವೂ ವಾಕ್ಯ. ನಮ್ಮ ದೇಶದಲ್ಲಿ ಬ್ರಹ್ಮಗುಪ್ತನು 628ರಲ್ಲಿಯೇ ಅವ್ಯಕ್ತ ರಾಶಿಗಳ ಲೆಕ್ಕವನ್ನು ಶ್ಲೋಕಗಳಲ್ಲಿ ಹೇಳಿದ್ದನು. 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯನ ‘ಸಿದ್ಧಾಂತ ಶಿರೋಮಣಿ’ಯ ಒಂದು ಭಾಗವೇ ‘ಬೀಜಗಣಿತ’. ಅಲ್ಲಿ ಗೊತ್ತಿಲ್ಲದ ರಾಶಿಗಳಿಗೆ ಬಣ್ಣಗಳ ಹೆಸರು: ಕಾಲಕ, ನೀಲಕ, ಪೀತಕ, ಲೋಹಿತಕ. ಬರೆಯುವಾಗ ಅವುಗಳ ಮೊದಲಕ್ಷರ ಕಾ, ನೀ, ಪೀ, ಲೋ ಎಂದಿಷ್ಟೇ. ಇವುಗಳಿಗೆಲ್ಲ ಮೊದಲು ಬರುವ ರಾಶಿಗೆ ಮಾತ್ರ ಬಣ್ಣದ ಹೆಸರಿಲ್ಲ; ಅದರ ಹೆಸರು ‘ಯಾವತ್ತಾವತ್’, ಸಂಕೇತ ‘ಯಾ’. ಯಾವತ್ ತಾವತ್ ಎಂದರೇನು? ಅಚ್ಚಗನ್ನಡದಲ್ಲಿ ‘ಎಷ್ಟೋ ಅಷ್ಟು’. ಇದು ನಾಮಪದವಲ್ಲ, ಒಂದು ವಾಕ್ಯದ ಎಲುಬು. ನಮ್ಮ ಬೀಜಗಣಿತದ ಮೊಟ್ಟಮೊದಲ ಅಕ್ಷರ ಇಡೀ ಒಂದು ಸಾಪೇಕ್ಷ ವಾಕ್ಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಹುಟ್ಟಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಆನಂದವಾಗುತ್ತದೆ. ಭಾಸ್ಕರನು ಇದನ್ನು ಬಹುಮಟ್ಟಿಗೆ ಬಳಸಿದ್ದು ಅಡಗಿದ ರಾಶಿಯನ್ನು ಹಿಡಿಯುವುದಕ್ಕೇ ಎಂಬುದು ನಿಜ. ಚಲಿಸುವ ರಾಶಿಯ ಕಲ್ಪನೆ ಯೂರೋಪಿನಲ್ಲಿ ದೆಕಾರ್ತನು 1637ರಲ್ಲಿ ರೇಖಾಗಣಿತವನ್ನು ಅಕ್ಷರಗಳಿಗೆ ಜೋಡಿಸಿದ ಮೇಲೆ ಬಲವಾಗಿ ಬೆಳೆಯಿತು. ಆದರೂ ಹೆಸರಿನಲ್ಲಿರುವ ಸೂಚನೆ ಹೆಸರನ್ನಿಟ್ಟವರ ಬಳಕೆಯನ್ನು ಮೀರಿದೆ. ‘ಎಷ್ಟೋ ಅಷ್ಟು’ ಎಂಬಲ್ಲಿ ಒಂದು ರಾಶಿಯಿಲ್ಲ, ಎರಡಿವೆ. ಒಂದರ ಕೈಯನ್ನು ಇನ್ನೊಂದು ಹಿಡಿದಿದೆ.

ಕನ್ನಡಕ್ಕೆ ಈ ನಂಟು ಹೊರಗಿನಿಂದ ತಂದು ಕಟ್ಟಿದ್ದಲ್ಲ. ನೃಪತುಂಗ ಅಮೋಘವರ್ಷನ ಕಾಲದಲ್ಲಿಯೇ ‘ಕವಿರಾಜಮಾರ್ಗ’ ಹುಟ್ಟಿತು. ಅದೇ ದೊರೆಯನ್ನು ಸ್ತುತಿಸಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದನು. ಒಂದು ವಾಕ್ಯದ ದೋಷವನ್ನೂ ಗುಣವನ್ನೂ ತೂಗುವ ಗ್ರಂಥ, ಇನ್ನೊಂದು ರಾಶಿಯ ಏರಿಳಿತವನ್ನು ತೂಗುವ ಗ್ರಂಥ, ಎರಡಕ್ಕೂ ಒಂದೇ ಕಾಲದ ನೆರಳು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನೆಂಬ ಜೈನಕವಿ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ಅವನನ್ನು ನಾವು ಸಾಹಿತ್ಯ ಚರಿತ್ರೆಯ ಪುಸ್ತಕದಲ್ಲಿ ಅರ್ಧ ಪುಟದಲ್ಲಿ ಮುಗಿಸುತ್ತೇವೆ. ಕವಿಯೆಂದು ಗಣಿತದವರು ಬಿಟ್ಟರು, ಲೆಕ್ಕಿಗನೆಂದು ನಾವು ಬಿಟ್ಟೆವು.

ಇನ್ನು ಇಂದಿನ ಕನ್ನಡದ ಕಡೆಗೆ ಬರೋಣ. ಬದಲಾವಣೆಯನ್ನು ಹೇಳಲು ನಮ್ಮ ನುಡಿಯಲ್ಲಿ ಇರುವ ಸಾಧನಗಳನ್ನು ವ್ಯಾಕರಣದ ತರಗತಿಯಲ್ಲಿ ನಾವು ಬೇರೆ ಬೇರೆ ಅಧ್ಯಾಯಗಳಲ್ಲಿ ಚದುರಿಸಿಬಿಟ್ಟಿದ್ದೇವೆ. ‘ಅಂತೆ’ ಎಂಬ ಒಂದು ಸಣ್ಣ ಮಾತನ್ನೇ ತೆಗೆದುಕೊಳ್ಳಿ. ‘ಹೂವಿನಂತೆ ಮೃದು’ ಎಂದಾಗ ಅದು ಉಪಮೆಯ ವಾಚಕ. ಅಲಂಕಾರದ ಪಾಠದಲ್ಲಿ ಅದನ್ನು ಮನಸ್ಸಿಟ್ಟು ಕಲಿಸುತ್ತೇವೆ. ಆದರೆ ಅದೇ ‘ಅಂತೆ’ ಸಂತೆಯಲ್ಲಿ ಬೇರೊಂದು ಕೆಲಸ ಮಾಡುತ್ತದೆ. ‘ಕಿಲೋಗೆ ನಲವತ್ತು ರೂಪಾಯಿಯಂತೆ ಕೊಟ್ಟೆ’, ‘ದಿನಕ್ಕೆ ಎರಡು ಮಾತ್ರೆಯಂತೆ ನುಂಗಿದ’: ಇಲ್ಲಿ ಅದು ದರದ ಗುರುತು. ಚತುರ್ಥಿಯ ‘ಗೆ’ ಅಥವಾ ‘ಕ್ಕೆ’ ಒಂದು ರಾಶಿಯ ಮೇಲೆ ಕುಳಿತುಕೊಳ್ಳುತ್ತದೆ, ‘ಅಂತೆ’ ಇನ್ನೊಂದರ ಮೇಲೆ. ಎರಡೂ ಸೇರಿದರೆ ಗುಣಾಕಾರವಾಯಿತು. ‘ಮಳೆ ಹೆಚ್ಚಿದಂತೆ ಹೊಳೆ ಏರಿತು’ ಎಂದಾಗ ಅದೇ ‘ಅಂತೆ’ ಎರಡು ಬದಲಾವಣೆಗಳನ್ನು ಒಟ್ಟಿಗೆ ನಡೆಸುತ್ತದೆ. ಉಪಮೆ, ದರ, ಜೊತೆನಡೆ: ಮೂರರಲ್ಲಿಯೂ ತತ್ತ್ವ ಒಂದೇ, ಒಂದನ್ನು ಇನ್ನೊಂದರ ಅಳತೆಯಿಂದ ತಿಳಿಯುವುದು. (‘ಮಳೆ ಬಂತಂತೆ’ ಎಂಬ ವದಂತಿಯ ‘ಅಂತೆ’ ಬೇರೆ ಕುಲದ್ದು, ಅದನ್ನು ಇಲ್ಲಿ ಸೇರಿಸಬಾರದು; ಅಂಕಿ ಅಂಶಗಳ ಚರ್ಚೆಯಲ್ಲಿ ಎರಡೂ ಬೆರೆತುಹೋಗುವುದನ್ನು ವಾಚಕರು ಕಂಡಿರಬಹುದು.) ‘ಅಷ್ಟು’ ಎಂಬುದೂ ಹಾಗೆಯೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನೀತಿಯೆಂದು ಮಾತ್ರ ಕಲಿಸುತ್ತೇವೆ. ಅದು ಚರಾಕ್ಷರಗಳಲ್ಲಿ ಬರೆಯಬಹುದಾದ ಒಂದು ಅಸಮಾನತೆ ಕೂಡ ಹೌದು. ಹಾಸಿಗೆ ಎಷ್ಟಾದರೂ ಆಗಬಹುದು, ಕಾಲು ಅದನ್ನು ಮೀರಕೂಡದು. ಗಾದೆಯನ್ನು ಕಟ್ಟಿದವರು ಹಾಸಿಗೆಯ ಉದ್ದವನ್ನು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ಚರಾಕ್ಷರವನ್ನು ಬಿಡಿಸದೆ ಹಾಗೆಯೇ ಬಿಡುವ ಧೈರ್ಯ ಅವರಿಗಿತ್ತು.

ಇಷ್ಟು ಸಾಧನಗಳಿದ್ದೂ ನಮ್ಮ ವಿದ್ಯಾರ್ಥಿಗಳ ವಾಕ್ಯಗಳು ಏಕೆ ಸೊರಗಿವೆ? ಪದವಿ ತರಗತಿಯ ಕನ್ನಡ ಪಾಠದಲ್ಲಿ ನಾನು ಕೆಲವೊಮ್ಮೆ ಕೊಡುವ ಒಂದು ಅಭ್ಯಾಸವನ್ನು ಇಲ್ಲಿ ಹೇಳುತ್ತೇನೆ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ಆಟೋರಿಕ್ಷಾ ದರ ಹೀಗಿದೆ: ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಅನಂತರದ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಎರಡು, ಮೂರು, ಐದು, ಹತ್ತು ಕಿಲೋಮೀಟರುಗಳಿಗೆ ಬಾಡಿಗೆಯನ್ನು ಪಟ್ಟಿಮಾಡಿ, ದೂರಕ್ಕೂ ಬಾಡಿಗೆಗೂ ಇರುವ ಸಂಬಂಧವನ್ನು ಒಂದು ವಾಕ್ಯದಲ್ಲಿ ಬರೆಯಿರಿ ಎಂದರೆ ಹತ್ತರಲ್ಲಿ ಎಂಟು ಮಂದಿ ಬರೆಯುವುದು ‘ದೂರ ಹೆಚ್ಚಿದಂತೆ ಬಾಡಿಗೆ ಹೆಚ್ಚುತ್ತದೆ’ ಎಂದು. ವಾಕ್ಯದಲ್ಲಿ ಸುಳ್ಳಿಲ್ಲ, ಆದರೆ ಅದು ಬಡ ವಾಕ್ಯ. ಮೊದಲ ಕಿಲೋಮೀಟರಿಗೆ ನೂರು ರೂಪಾಯಿ, ಆಮೇಲೆ ಕಿಲೋಮೀಟರಿಗೆ ಒಂದು ಪೈಸೆ ಎಂದಿದ್ದರೂ ಆ ವಾಕ್ಯ ಸರಿಯಾಗಿಯೇ ಇರುತ್ತಿತ್ತು. ಯಾವ ಊರಿನ ಯಾವ ಗಾಡಿಗೂ ಹೊಂದುವ ವಾಕ್ಯ ಈ ಊರಿನ ಈ ಗಾಡಿಯನ್ನು ಕುರಿತು ಏನನ್ನೂ ಹೇಳುವುದಿಲ್ಲ. ಹೇಗೆ ಹೆಚ್ಚುತ್ತದೆ? ಒಂದೇ ಸಮನೆಯೋ, ಮೊದಮೊದಲು ಬಿರುಸಾಗಿ ಆಮೇಲೆ ನಿಧಾನವಾಗಿಯೋ? ಎಲ್ಲಿಂದ ಹೆಚ್ಚುತ್ತದೆ? ಈ ಪ್ರಶ್ನೆಗಳನ್ನು ಕೇಳಿದ ಮೇಲೆ ಎರಡನೆಯ ವಾಕ್ಯ ಬರುತ್ತದೆ: ‘ಮೊದಲ ಎರಡು ಕಿಲೋಮೀಟರಿನವರೆಗೆ ಬಾಡಿಗೆ 36 ರೂಪಾಯಿಯೇ, ಅದನ್ನು ದಾಟಿದ ಮೇಲೆ ಕಿಲೋಮೀಟರಿಗೆ 18 ರೂಪಾಯಿಯಂತೆ ಏರುತ್ತದೆ.’ ಇದು ಒಳ್ಳೆಯ ಕನ್ನಡ. ಬೀಜಗಣಿತಕ್ಕೆ ಆಗಲೇ ಅರ್ಧ ದಾರಿ ಬಂದಾಯಿತು.

ಈಗ ಭಾಸ್ಕರನ ಪದ್ಧತಿಯಂತೆ ಮೊದಲಕ್ಷರಗಳನ್ನು ತೆಗೆದುಕೊಳ್ಳೋಣ. ಬಾಡಿಗೆಗೆ ‘ಬಾ’, ದೂರಕ್ಕೆ ‘ದೂ’. ಎರಡು ಕಿಲೋಮೀಟರು ದಾಟಿದ ಪ್ರಯಾಣಕ್ಕೆ ಬಾ = 36 + 18 (ದೂ − 2). ಆವರಣವನ್ನು ಬಿಡಿಸಿದರೆ 36 + 18 ದೂ − 36. ಎರಡು ಮೂವತ್ತಾರುಗಳು ಒಂದನ್ನೊಂದು ಹೊಡೆದುಹಾಕಿ ಉಳಿಯುವುದು ಬಾ = 18 ದೂ, ಅಷ್ಟೆ. ಇದನ್ನು ಹಲಗೆಯ ಮೇಲೆ ಕಂಡಾಗ ತರಗತಿಯಲ್ಲಿ ಒಂದು ಕ್ಷಣ ಮೌನ. ಸಂಕೇತ ನಮಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಹೇಳಿಬಿಟ್ಟಿತು. ಆಗ ಮತ್ತೆ ವಾಕ್ಯಕ್ಕೆ ಹಿಂದಿರುಗಬೇಕು, ಇಲ್ಲವಾದರೆ ಬೇಸಾಯ ಮಾಡಿ ಬೆಳೆಯನ್ನು ಹೊಲದಲ್ಲಿಯೇ ಬಿಟ್ಟಂತೆ. ಮೂರನೆಯ ವಾಕ್ಯ ಹೀಗಾಗುತ್ತದೆ: ‘ಎರಡು ಕಿಲೋಮೀಟರಿಗಿಂತ ಹೆಚ್ಚು ಹೋಗುವವನು ತಾನು ಹೋದ ದೂರಕ್ಕೆಲ್ಲ 18 ರೂಪಾಯಿಯಂತೆಯೇ ಕೊಡುತ್ತಾನೆ, ಕನಿಷ್ಠ ದರದ ಹೊರೆ ಬೀಳುವುದು ಎರಡು ಕಿಲೋಮೀಟರಿಗಿಂತ ಕಡಿಮೆ ಹೋಗುವವನ ಮೇಲೆ ಮಾತ್ರ.’ ಒಂದು ಕಿಲೋಮೀಟರು ಹೋಗುವ ಮುದುಕಿ ಕಿಲೋಮೀಟರಿಗೆ 36 ಕೊಡುತ್ತಾಳೆ. 2021ರ ಡಿಸೆಂಬರಿನಿಂದ ಇದ್ದ ಹಿಂದಿನ ದರದಲ್ಲಿಯೂ (2 ಕಿಲೋಮೀಟರಿಗೆ 30, ಅನಂತರ 15) ಇದೇ ಆಕಾರವಿತ್ತು. ಆದುದರಿಂದ ಏರಿಕೆ ಎಲ್ಲ ದೂರಗಳಿಗೂ ಸಮನಾಗಿ ನೂರಕ್ಕೆ ಇಪ್ಪತ್ತು. ಮೀಟರು ಹಾಕಿ ಬರುತ್ತಾರೆಯೇ ಎಂಬ ಪ್ರಶ್ನೆಯನ್ನು ಹುಡುಗರು ತಪ್ಪದೆ ಕೇಳುತ್ತಾರೆ. ಅದು ಬೀಜಗಣಿತಕ್ಕೆ ಸೇರಿದ್ದಲ್ಲ.

ಮೊದಲನೆಯ ವಾಕ್ಯಕ್ಕೂ ಮೂರನೆಯ ವಾಕ್ಯಕ್ಕೂ ಇರುವ ಅಂತರವೇ ಶಿಕ್ಷಣ. ಆ ಅಂತರವನ್ನು ದಾಟಲು ಸಂಕೇತ ಬೇಕಾಯಿತು. ಆದರೆ ಹೊರಟದ್ದೂ ತಲುಪಿದ್ದೂ ಭಾಷೆಯಲ್ಲಿ. ಈಗಿನ ಕ್ರಮದಲ್ಲಿ ಗಣಿತದ ತರಗತಿ ನಡುವಿನ ಸೇತುವೆಯನ್ನು ಮಾತ್ರ ಕಟ್ಟುತ್ತದೆ, ಎರಡು ದಡಗಳನ್ನೂ ಮರೆಯುತ್ತದೆ. ಕನ್ನಡದ ತರಗತಿ ಒಂದು ದಡದಲ್ಲಿ ಕುಳಿತು ನದಿಯ ಸೌಂದರ್ಯವನ್ನು ಬಣ್ಣಿಸುತ್ತದೆ.

ಸಂಕೇತದ ಅಭ್ಯಾಸವಿಲ್ಲದ ಕನ್ನಡ ಹೇಗೆ ಎಡವುತ್ತದೆಂಬುದಕ್ಕೆ ಉದಾಹರಣೆಗಳನ್ನು ದೂರ ಹುಡುಕಬೇಕಾಗಿಲ್ಲ. ‘ದಾಖಲಾತಿ ಎರಡು ಪಟ್ಟು ಹೆಚ್ಚಾಗಿದೆ’ ಎಂದು ಬರೆಯುತ್ತೇವೆ. ನೂರಿದ್ದದ್ದು ಇನ್ನೂರಾಯಿತೋ ಮುನ್ನೂರಾಯಿತೋ? ‘ಎರಡು ಪಟ್ಟಾಯಿತು’ ಎಂದರೆ ಇನ್ನೂರು. ‘ಎರಡು ಪಟ್ಟು ಹೆಚ್ಚಾಯಿತು’ ಎಂದರೆ ನ್ಯಾಯವಾಗಿ ಮುನ್ನೂರಾಗಬೇಕು. ಬರೆದವನಿಗೆ ಯಾವುದು ಮನಸ್ಸಿನಲ್ಲಿತ್ತೆಂದು ಓದುವವನು ಊಹಿಸಬೇಕು. ಬೆಲೆಯು ನೂರಕ್ಕೆ ಹತ್ತು ಏರಿ, ಅನಂತರ ನೂರಕ್ಕೆ ಹತ್ತು ಇಳಿದರೆ ಮೊದಲಿನಷ್ಟೇ ಆಯಿತೆಂದು ಬಹುಮಂದಿ ನಂಬುತ್ತಾರೆ, ಆಗುವುದು ತೊಂಬತ್ತೊಂಬತ್ತು. ಇವೆಲ್ಲಕ್ಕಿಂತ ವ್ಯಾಪಕವಾದ ಗೊಂದಲ ಹಣದುಬ್ಬರವನ್ನು ಕುರಿತದ್ದು. 2025ರ ಅಕ್ಟೋಬರಿನಲ್ಲಿ ನಮ್ಮ ದೇಶದ ಗ್ರಾಹಕ ಬೆಲೆಗಳ ಹಣದುಬ್ಬರ ನೂರಕ್ಕೆ 0.25ಕ್ಕೆ ಇಳಿಯಿತು. ಇದನ್ನು ಓದಿದ ಪದವೀಧರರು ‘ಬೆಲೆಗಳು ಇಳಿದವಂತೆ, ನಮ್ಮ ಅಂಗಡಿಯಲ್ಲಿ ಇಳಿದೇ ಇಲ್ಲ’ ಎಂದು ಆಕ್ಷೇಪಿಸುತ್ತಾರೆ. ಇಳಿದದ್ದು ಬೆಲೆಯಲ್ಲ, ಬೆಲೆಯ ಏರಿಕೆಯ ವೇಗ. ಬೆಟ್ಟ ಹತ್ತುವವನು ನಿಧಾನವಾಗಿ ಹತ್ತತೊಡಗಿದರೆ ಅವನು ಇಳಿಯುತ್ತಿದ್ದಾನೆಂದು ಯಾರೂ ಹೇಳುವುದಿಲ್ಲ. ಏರಿದೆ, ಏರುತ್ತಿದೆ, ಏರುವ ವೇಗ ಇಳಿಯುತ್ತಿದೆ: ಇವು ಮೂರು ಬೇರೆ ಬೇರೆ ಸಂಗತಿಗಳು. ಮೂರನ್ನೂ ಹೇಳಲು ಕನ್ನಡಕ್ಕೆ ಶಕ್ತಿಯುಂಟು, ಕ್ರಿಯಾಪದದ ರೂಪಗಳೇ ಅದಕ್ಕೆ ಸಾಕು. ಬೇರೆ ಬೇರೆಯೆಂದು ಕಾಣುವ ಕಣ್ಣು ಮಾತ್ರ ಲೆಕ್ಕದಿಂದ ಬರಬೇಕು.

ಇದು ಕೇವಲ ಪಂಡಿತರ ಚರ್ಚೆಯಾಗಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಸಾಲದ ವಿಷಯಕ್ಕೆ ಬಂದಾಗ ವಾಕ್ಯದ ದೋಷ ಮನೆಯ ದೋಷವಾಗುತ್ತದೆ. ಹಳ್ಳಿಗಳಲ್ಲಿ ‘ನೂರಕ್ಕೆ ಎರಡು ರೂಪಾಯಿ ಬಡ್ಡಿ’ ಎನ್ನುತ್ತಾರೆ. ಅದು ತಿಂಗಳಿಗೆ ಎಂಬುದು ಹೇಳದೆಯೇ ತಿಳಿಯಬೇಕಾದ ಮಾತು. ತಿಳಿದವನಿಗೆ ಅದು ವರ್ಷಕ್ಕೆ ಇಪ್ಪತ್ತನಾಲ್ಕು. ಬ್ಯಾಂಕಿನ ಹನ್ನೆರಡನ್ನು ಕೇಳಿ ಬೆಚ್ಚಿದ ಹುಡುಗನಿಗೆ ಎರಡು ಹನ್ನೆರಡಕ್ಕಿಂತ ಅಗ್ಗವಾಗಿ ಕಾಣುತ್ತದೆ. ‘ಕಾಲಕ್ಕೆ’ ಎಂಬ ಒಂದು ಚತುರ್ಥಿ ವಿಭಕ್ತಿ ವಾಕ್ಯದಿಂದ ಬಿದ್ದುಹೋದುದರ ಫಲ ಇದು.

ಇನ್ನೊಂದು ಬಗೆ ಇದಕ್ಕಿಂತ ಸೂಕ್ಷ್ಮ. ಐವತ್ತು ಸಾವಿರ ರೂಪಾಯಿ ಸಾಲ, ಒಂದು ವರ್ಷ ಅವಧಿ, ನೂರಕ್ಕೆ ಹನ್ನೆರಡು ‘ಸಮಬಡ್ಡಿ’ ಎಂದಿಟ್ಟುಕೊಳ್ಳಿ. ಬಡ್ಡಿ 6,000, ಒಟ್ಟು 56,000, ಹನ್ನೆರಡು ಕಂತು, ಕಂತಿಗೆ ಸುಮಾರು 4,667 ರೂಪಾಯಿ. ಕೇಳಲು ಸರಳ, ಸಹಿ ಹಾಕಲು ಸುಲಭ. ಆದರೆ ಬದಲಾಗುತ್ತಿರುವುದು ಯಾವುದೆಂದು ಯಾರಾದರೂ ಕೇಳಿದರೆ? ಪ್ರತಿ ಕಂತಿನಲ್ಲಿಯೂ ಅಸಲು ಸುಮಾರು 4,167 ರೂಪಾಯಿ ತೀರುತ್ತದೆ. ಮೊದಲ ತಿಂಗಳು ಸಾಲಗಾರ್ತಿಯ ಕೈಯಲ್ಲಿ 50,000 ಇದ್ದದ್ದು ಕೊನೆಯ ತಿಂಗಳಿಗೆ 4,167ಕ್ಕೆ ಇಳಿದಿರುತ್ತದೆ. ಬಡ್ಡಿ ಮಾತ್ರ ಇಳಿದಿಲ್ಲ, ತಿಂಗಳು ತಿಂಗಳೂ ಅದೇ 500. ಮೊದಲ ತಿಂಗಳು ಐವತ್ತು ಸಾವಿರಕ್ಕೆ ಐನೂರು ಎಂದರೆ ನೂರಕ್ಕೆ ಒಂದು. ಕೊನೆಯ ತಿಂಗಳು 4,167ಕ್ಕೆ ಐನೂರು ಎಂದರೆ ಆ ಒಂದೇ ತಿಂಗಳಿಗೆ ನೂರಕ್ಕೆ ಹನ್ನೆರಡು. ಹೀಗೆ ಲೆಕ್ಕ ಹಾಕಿದರೆ ವರ್ಷದಲ್ಲಿ ಸರಾಸರಿಯಾಗಿ ಅವಳ ಕೈಯಲ್ಲಿದ್ದ ಹಣ 27,083 ರೂಪಾಯಿ. ಅದಕ್ಕೆ ಆರು ಸಾವಿರ ಬಡ್ಡಿ ಎಂದರೆ ನೂರಕ್ಕೆ ಸುಮಾರು ಇಪ್ಪತ್ತೆರಡು. ಹನ್ನೆರಡೆಂದು ಹೇಳಿದವನು ಸುಳ್ಳು ಹೇಳಲಿಲ್ಲ. ಕುಗ್ಗುತ್ತಿರುವ ರಾಶಿಯನ್ನು ನಿಂತ ರಾಶಿಯೆಂಬಂತೆ ಮಾತಾಡಿದನು. ಚರವನ್ನು ಅಚರವೆಂದನು. ಕೇಳಿದವಳಿಗೆ ಆ ವ್ಯತ್ಯಾಸ ಕಿವಿಗೆ ಬೀಳಲಿಲ್ಲ.

ಭಾರತೀಯ ರಿಸರ್ವ್ ಬ್ಯಾಂಕು 2024ರ ಅಕ್ಟೋಬರ್ 1ರಿಂದ, ಸಾಲಗಾರರಿಗೆ ಸಾಲದ ಮುಖ್ಯ ಸಂಗತಿಗಳ ಪತ್ರವೊಂದನ್ನು ವಾರ್ಷಿಕ ದರದೊಡನೆ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ವಿಧಿಸಿದೆ. ಕಿರುಸಾಲ ವಸೂಲಿಯ ಕಿರುಕುಳವನ್ನು ತಡೆಯಲು ನಮ್ಮ ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನು ತರಬೇಕಾಯಿತು. ಎರಡೂ ಸ್ವಾಗತಾರ್ಹ. ಆದರೆ ‘ಅರ್ಥವಾಗುವ ಭಾಷೆ’ ಎಂಬುದು ಲಿಪಿಯನ್ನು ಬದಲಾಯಿಸಿದ ಮಾತ್ರಕ್ಕೆ ಸಿದ್ಧಿಸುವುದಿಲ್ಲ. ಆ ಪತ್ರವನ್ನು ಕನ್ನಡದಲ್ಲಿ ಬರೆಯುವವನೂ ಓದಿ ಹೇಳುವವನೂ ನಮ್ಮ ತರಗತಿಗಳಿಂದಲೇ ಹೋದವರು. ‘ಉಳಿದ ಅಸಲು ಕಡಿಮೆಯಾದಂತೆ ಬಡ್ಡಿಯೂ ಕಡಿಮೆಯಾಗುತ್ತದೆ’ ಎಂಬ ವಾಕ್ಯಕ್ಕೂ ‘ಅಸಲು ಎಷ್ಟೇ ಉಳಿದಿರಲಿ ಬಡ್ಡಿ ಅಷ್ಟೇ’ ಎಂಬ ವಾಕ್ಯಕ್ಕೂ ಇರುವ ಭೇದವನ್ನು ಅವರಿಗೆ ನಾವು ಕಲಿಸಿದ್ದೇವೆಯೇ?

ಎಲ್ಲ ಬದಲಾವಣೆಯೂ ಇಷ್ಟು ವಿಧೇಯವಾಗಿ ಸಾಲು ಹಿಡಿದು ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಮಳೆಗಾಲದಲ್ಲಿ ಪತ್ರಿಕೆಗಳು ಕೃಷ್ಣರಾಜಸಾಗರದ ನೀರಿನ ಮಟ್ಟವನ್ನು ದಿನವೂ ಪ್ರಕಟಿಸುತ್ತವೆ. ಗರಿಷ್ಠ ಮಟ್ಟ 124.80 ಅಡಿ, ತುಂಬಿದಾಗ ಹಿಡಿಯುವ ನೀರು 49.45 ಟಿಎಂಸಿ. ನೂರು ಅಡಿ ತುಂಬಿದೆಯೆಂದು ಓದಿದವನು ಐದರಲ್ಲಿ ನಾಲ್ಕು ಪಾಲು ನೀರು ಬಂತೆಂದು ಸಂತೋಷಪಡುತ್ತಾನೆ. ಕಣಿವೆಯ ತಳ ಕಿರಿದು, ಮೇಲೆ ಹೋದಂತೆ ಅಗಲ; ಆದುದರಿಂದ ಮೇಲಿನ ಒಂದೊಂದು ಅಡಿಯೂ ಕೆಳಗಿನ ಒಂದೊಂದು ಅಡಿಗಿಂತ ಎಷ್ಟೋ ಹೆಚ್ಚು ನೀರನ್ನು ಹಿಡಿಯುತ್ತದೆ, ನೂರು ಅಡಿಗೆ ಬಂದಿರುವ ನೀರು ಅವನೆಣಿಸಿದ್ದಕ್ಕಿಂತ ಬಹಳ ಕಡಿಮೆ. ಒಳಹರಿವು ಒಂದೇ ಸಮನಾಗಿದ್ದರೂ ಮಟ್ಟ ಏರುವುದು ಬರಬರುತ್ತ ನಿಧಾನವಾಗುತ್ತದೆ. ‘ಎಷ್ಟೋ ಅಷ್ಟು’ ಎಂಬ ಸರಳ ವಾಕ್ಯ ಇಲ್ಲಿ ಸಾಲದು. ‘ಏರಿದಷ್ಟೂ ಏರುವುದು ಕಷ್ಟ’ ಎಂಬ ಜಾತಿಯ ವಾಕ್ಯ ಬೇಕು. ಮಂಡ್ಯದ ರೈತನಿಗೆ ಇದು ಅನುಭವದಿಂದ ಗೊತ್ತು. ಅವನ ಮಗನಿಗೆ ಹತ್ತನೆಯ ತರಗತಿಯ ವರ್ಗ ಸಮೀಕರಣ ಗೊತ್ತು. ಇವೆರಡಕ್ಕೂ ನಂಟಿದೆಯೆಂದು ಇಬ್ಬರಿಗೂ ಯಾರೂ ಹೇಳಿಲ್ಲ.

ಬದಲಾವಣೆಯ ಚಿಂತನೆಯನ್ನು ಶಾಲಾ ಗಣಿತದ ನಡುವಿಗೆ ತರಬೇಕೆಂಬುದು ಹೊಸ ಮಾತೇನೂ ಅಲ್ಲ. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಮೊದಲಾದವರ ಪ್ರೇರಣೆಯಿಂದ 1905ರಲ್ಲಿ ಮೆರಾನ್ ಪಟ್ಟಣದಲ್ಲಿ ಮಂಡಿತವಾದ ಪಠ್ಯಕ್ರಮ ಇದನ್ನೇ ಒತ್ತಿ ಹೇಳಿತು. ನಮ್ಮಲ್ಲಿಯೂ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು 2024ರಲ್ಲಿ ಆರನೆಯ ತರಗತಿಗೆ ತಂದ ‘ಗಣಿತ ಪ್ರಕಾಶ’ ಸಂಖ್ಯೆಗಳ ವಿನ್ಯಾಸಗಳಿಂದಲೇ ಆರಂಭವಾಗುತ್ತದೆ. ಒಳ್ಳೆಯದು. ಆದರೆ ವಿನ್ಯಾಸವನ್ನು ಕಂಡ ಹುಡುಗ ಅದನ್ನು ಯಾವ ಮಾತಿನಲ್ಲಿ ಹೇಳಬೇಕು? ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಕಹಿಯುಂಟು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಚರಾಕ್ಷರ, ಬೀಜೋಕ್ತಿ, ಸಹಗುಣಕಗಳನ್ನು ಕಲಿತವನು ಪದವಿಪೂರ್ವ ವಿಜ್ಞಾನದ ತರಗತಿಗೆ ಹೋದ ಮೊದಲ ದಿನವೇ ಅವೆಲ್ಲವನ್ನೂ ಬಾಗಿಲ ಹೊರಗೆ ಬಿಡಬೇಕಾಗುತ್ತದೆ. ಪದಗಳು ಹೋದರೆ ಹೋಗಲಿ, ಹೊಸವನ್ನು ಒಂದು ತಿಂಗಳಲ್ಲಿ ಕಲಿಯುತ್ತಾನೆ. ‘ಇದು ಇಷ್ಟಾದರೆ ಅದು ಅಷ್ಟಾಗುತ್ತದೆ’ ಎಂದು ತನ್ನ ನುಡಿಯಲ್ಲಿ ಗಟ್ಟಿಯಾಗಿ ಯೋಚಿಸುವ ರೂಢಿ ಅವನಿಗೆ ಮೊದಲೇ ಬಂದಿದ್ದರೆ ಭಾಷೆ ಬದಲಾದರೂ ಯೋಚನೆ ಉಳಿಯುತ್ತದೆ. ಅದು ಬಂದಿಲ್ಲದೆ ಪದಗಳನ್ನು ಮಾತ್ರ ಕಂಠಪಾಠ ಮಾಡಿದವನಿಗೆ ಎರಡು ಭಾಷೆಗಳಲ್ಲಿಯೂ ಉಳಿಯುವುದು ಶಬ್ದ.

ಗಣಿತದ ಮಿತ್ರರು ಹೇಳುವ ಆಕ್ಷೇಪವನ್ನು ನಾನು ಬಲ್ಲೆ. ಪಠ್ಯ ಮುಗಿಯುವುದಿಲ್ಲ, ಪರೀಕ್ಷೆಯಲ್ಲಿ ವಾಕ್ಯಕ್ಕೆ ಅಂಕವಿಲ್ಲ, ವಾಕ್ಯ ಬರೆಸುತ್ತ ಕುಳಿತರೆ ಲೆಕ್ಕಗಳ ಸಂಖ್ಯೆ ಅರ್ಧವಾಗುತ್ತದೆ. ಇದರಲ್ಲಿ ಸತ್ಯವಿದೆ. ಆದುದರಿಂದಲೇ ಈ ಕೆಲಸದ ಒಂದು ಪಾಲನ್ನು ಕನ್ನಡದವರು ವಹಿಸಿಕೊಳ್ಳಬೇಕೆಂದು ನನ್ನ ಸೂಚನೆ. ಆಗ ನಮ್ಮವರಿಂದಲೇ ಇನ್ನೊಂದು ಆಕ್ಷೇಪ ಬರುತ್ತದೆ: ಪಂಪ ಕುಮಾರವ್ಯಾಸರಿಗೆ ಸಿಗುತ್ತಿರುವ ನಾಲ್ಕು ಗಂಟೆಗಳಲ್ಲಿ ಆಟೋರಿಕ್ಷಾ ಬಾಡಿಗೆಗೂ ಜಾಗವೇ? ಮನುಷ್ಯನ ಮನಸ್ಸು ಮಾರ್ಪಡುವುದನ್ನು ಹೇಳುವ ಭಾಷೆಯನ್ನು ಕಲಿಸಬೇಕಾದವರು ಬಡ್ಡಿಯ ಭಾಷೆಯನ್ನು ಕಲಿಸಬೇಕೇ? ಮನಸ್ಸಿನ ಮಾರ್ಪಾಡಿಗೆ ಸಮೀಕರಣವಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಕರ್ಣನ ಚಿತ್ತ ಎಷ್ಟಕ್ಕೆ ಎಷ್ಟರಂತೆ ಕರಗಿತೆಂದು ಕೇಳುವವನು ರಸಿಕನಲ್ಲ. ಆದರೆ ಪ್ರಬಂಧ ಬರೆಯಿರಿ ಎಂದು ನಾವೇ ಕೊಡುವ ವಿಷಯಗಳನ್ನು ನೋಡಿ: ಜನಸಂಖ್ಯೆ, ಬೆಲೆಯೇರಿಕೆ, ನಿರುದ್ಯೋಗ, ಅಂತರ್ಜಲ. ಎಲ್ಲವೂ ಏರುವ ಇಳಿಯುವ ರಾಶಿಗಳು. ‘ದಿನೇ ದಿನೇ ಗಗನಕ್ಕೇರುತ್ತಿವೆ’ ಎಂದು ಬರೆದವನಿಗೆ ಅಂಕ ಕೊಟ್ಟು ಕಳುಹಿಸುತ್ತಿರುವವರು ನಾವು. ಗಗನಕ್ಕೆ ಎಷ್ಟು ದಿನದಲ್ಲಿ, ದಿನಕ್ಕೆ ಎಷ್ಟರಂತೆ ಎಂದು ಅಂಚಿನಲ್ಲಿ ಒಂದು ಪ್ರಶ್ನೆ ಬರೆದರೆ ಸಾಕು, ಹುಡುಗ ಮುಂದಿನ ಸಲ ಅಂಕಿಗಳನ್ನು ಹುಡುಕಿಕೊಂಡು ಹೋಗುತ್ತಾನೆ.

ಆರಂಭಕ್ಕೆ ದೊಡ್ಡ ಸುಧಾರಣೆಯೇನೂ ಬೇಡ. ಕನ್ನಡದ ಪ್ರಶ್ನೆಪತ್ರಿಕೆಯಲ್ಲಿ ಗಾದೆಯ ವಿಸ್ತರಣೆಯ ಪಕ್ಕದಲ್ಲಿ ಐದು ಅಂಕಗಳ ಒಂದು ಪ್ರಶ್ನೆಯನ್ನಿಡಬಹುದು. ಅದು ಹೀಗಿರಲಿ: ‘ಒಂದು ಮನೆಯ ನೀರಿನ ತೊಟ್ಟಿಯಲ್ಲಿ ಬೆಳಿಗ್ಗೆ ಆರಕ್ಕೆ 900 ಲೀಟರು, ಏಳಕ್ಕೆ 780, ಎಂಟಕ್ಕೆ 660, ಒಂಬತ್ತಕ್ಕೆ 640, ಹತ್ತಕ್ಕೆ 620 ಲೀಟರು ನೀರಿತ್ತು. ಈ ಮನೆಯಲ್ಲಿ ಆ ಬೆಳಿಗ್ಗೆ ನೀರು ಹೇಗೆ ಖರ್ಚಾಯಿತೆಂಬುದನ್ನು ನಾಲ್ಕು ವಾಕ್ಯಗಳಲ್ಲಿ ವರ್ಣಿಸಿರಿ. “ಕಡಿಮೆಯಾಯಿತು” ಎಂಬ ಮಾತನ್ನು ಒಂದಕ್ಕಿಂತ ಹೆಚ್ಚು ಸಲ ಬಳಸಕೂಡದು.’